ವಾಣಿಜ್ಯ ಕಟ್ಟಡದ ವಿನ್ಯಾಸಕ್ಕೆ ವಿದ್ಯುತ್ ಕಂಪನಿ ಪ್ರೋತ್ಸಾಹಧನ ಕೊಡಬೇಕೇ?

ಮಲೆನಾಡ ವಿನ್ಯಾಸಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 60,000 ಚದರ ಅಡಿಯ ಕಚೇರಿ ಕಟ್ಟಡವೊಂದರ ವಿನ್ಯಾಸ ನನ್ನ ಕೈಯಲ್ಲಿದೆ. ಕಟ್ಟಿದ ಮೇಲೆ ಮಾಲೀಕರು ಅದನ್ನು ಬಾಡಿಗೆಗೆ ಕೊಡುತ್ತಾರೆ. ಮುಖ್ಯರಸ್ತೆ ಪಶ್ಚಿಮಕ್ಕಿದೆ, ಹಾಗಾಗಿ ಪಶ್ಚಿಮದ ಮುಖವೆಲ್ಲ ಗಾಜಾಗಬೇಕು ಎಂದು ಅವರ ಹಟ. ಮೆಟ್ಟಿಲು, ಲಿಫ್ಟ್, ಶೌಚಾಲಯಗಳನ್ನು ಆ ಕಡೆಗೆ ಸರಿಸೋಣ, ಉಳಿದ ಕಿಟಕಿಗಳಿಗೆ ನೆಟ್ಟಗೆ ನಿಲ್ಲುವ ಕಾಂಕ್ರೀಟ್ ರೆಕ್ಕೆಗಳ ನೆರಳು ಕೊಡೋಣ, ಗಾಜನ್ನು ಒಟ್ಟು ಗೋಡೆಯ ಶೇ 30ಕ್ಕೆ ಇಳಿಸೋಣ ಎಂದು ನಾನು ನಕ್ಷೆ ಸಮೇತ ಹೇಳಿದೆ. ಅವರ ಉತ್ತರ ನೇರವಾಗಿತ್ತು: "ಕರೆಂಟ್ ಬಿಲ್ ಕಟ್ಟುವವನು ಬಾಡಿಗೆದಾರ. ಈ ಉಳಿತಾಯಕ್ಕೆ ನಾನು ಯಾಕೆ ಖರ್ಚು ಮಾಡಲಿ? ವಿದ್ಯುತ್ ಕಂಪನಿ ಏನಾದರೂ ಕೊಡುತ್ತದೆಯೇ?"

ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಕಂಪನಿಗಳು ಕಟ್ಟಡದ ಮಾಲೀಕರಿಗಷ್ಟೇ ಅಲ್ಲದೆ ವಿನ್ಯಾಸಕಾರರಿಗೂ ಹಣ ಕೊಡುತ್ತಿದ್ದವು ಎಂದು ಓದಿದ್ದೇನೆ. ನಮ್ಮ ಎಸ್ಕಾಂಗಳು ಹಾಗೆ ಮಾಡಬೇಕೇ, ಮಾಡಲು ಸಾಧ್ಯವೇ? ಅನುಭವ ಇರುವವರು ಬರೆಯಿರಿ.

ಹುಬ್ಬಳ್ಳಿ ಹೋಟೆಲಿನವ

ಎಸ್ಕಾಂ ನಮಗೆ ಹಣ ಕೊಡುವುದು ಹಾಗಿರಲಿ, ಹೊಸ ಸಂಪರ್ಕವನ್ನು ಹೇಳಿದ ದಿನಕ್ಕೆ ಕೊಟ್ಟರೆ ಸಾಕು.

ಸ್ಯಾಕ್ರಮೆಂಟೊ ಕನ್ನಡಿಗ

ಮೇಡಂ, ನೀವು ಓದಿದ್ದು ಸರಿ. ಆ ಯೋಜನೆಯ ಹೆಸರು ಸೇವಿಂಗ್ಸ್ ಬೈ ಡಿಸೈನ್. ಹೊಸ ವಾಣಿಜ್ಯ ಕಟ್ಟಡಗಳಿಗೆಂದೇ ಮಾಡಿದ್ದು. ಪಿಜಿ ಅಂಡ್ ಇ, ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್, ಸ್ಯಾನ್ ಡಿಯಾಗೋ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಮುಂತಾದ ಕಂಪನಿಗಳು ಒಂದೇ ನಿಯಮಾವಳಿಯಲ್ಲಿ ನಡೆಸುತ್ತಿದ್ದವು. ಮೆಕ್ಯಾನಿಕಲ್ ಎಂಜಿನಿಯರ್ ಆಗಿ ನಾನು ಆ ಕಡತಗಳನ್ನು ತಯಾರಿಸಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಾರಿ ಎರಡಿದ್ದವು. ದೀಪ ವ್ಯವಸ್ಥೆ, ಹವಾನಿಯಂತ್ರಣ ಎಂದು ಒಂದೊಂದನ್ನೇ ಉತ್ತಮಪಡಿಸಿ ಹಣ ಕೇಳುವುದು ಮೊದಲನೆಯದು. ಇಡೀ ಕಟ್ಟಡವನ್ನು ಕಂಪ್ಯೂಟರ್‌ನಲ್ಲಿ ಮಾದರಿ ಮಾಡಿ, ಅದೇ ಕಟ್ಟಡ ಟೈಟಲ್ 24 ಎಂಬ ಕ್ಯಾಲಿಫೋರ್ನಿಯಾದ ಕಟ್ಟಡ ಇಂಧನ ಸಂಹಿತೆಯ ಕನಿಷ್ಠ ಮಟ್ಟದಲ್ಲಿದ್ದರೆ ಎಷ್ಟು ವಿದ್ಯುತ್ ಖರ್ಚಾಗುತ್ತಿತ್ತು ಎಂದು ಹೋಲಿಸುವುದು ಎರಡನೆಯದು. ಸಂಹಿತೆಗಿಂತ ಎಷ್ಟು ಮುಂದೆ ಹೋದಿರೋ ಅಷ್ಟಕ್ಕೆ ಉಳಿಸಿದ ಯೂನಿಟ್ಟಿಗೆ ಕೊಡುವ ಪ್ರೋತ್ಸಾಹಧನದ ದರವೂ ಏರುತ್ತಿತ್ತು. ಒಂದು ಘಟ್ಟದಲ್ಲಿ ಇಡೀ ಕಟ್ಟಡದ ದಾರಿಯಲ್ಲಿ ಮಾಲೀಕನಿಗೆ ಗರಿಷ್ಠ 1,50,000 ಡಾಲರ್, ವಿನ್ಯಾಸ ತಂಡಕ್ಕೆ ಪ್ರತ್ಯೇಕವಾಗಿ ಗರಿಷ್ಠ 50,000 ಡಾಲರ್ ಇತ್ತು. ವಿನ್ಯಾಸ ತಂಡದ ಪಾಲು ಮಾಲೀಕನ ಕೈ ಮೂಲಕ ಬರುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಮುಖ್ಯವಾದ ಷರತ್ತು: ವಿನ್ಯಾಸ ಇನ್ನೂ ಬದಲಾಗಬಲ್ಲ ಹಂತದಲ್ಲೇ ನೀವು ಕಂಪನಿಯ ಬಳಿ ಹೋಗಬೇಕು. ಕಟ್ಟಡ ಮುಗಿದ ಮೇಲೆ ಅವರ ಕಡೆಯವರು ಸ್ಥಳಕ್ಕೆ ಬಂದು, ಕಾಗದದಲ್ಲಿರುವ ಗಾಜೇ ಗೋಡೆಯಲ್ಲಿದೆಯೇ, ಹೇಳಿದ ಚಿಲ್ಲರೇ (ಎಸಿಗೆ ನೀರನ್ನು ತಣಿಸುವ ಯಂತ್ರ) ಕೂತಿದೆಯೇ ಎಂದು ನೋಡಿದ ನಂತರವೇ ಚೆಕ್.

ರಾಗಿಮುದ್ದೆ

ಕಂಪನಿಯವರು ತಮ್ಮ ಸರಕನ್ನು ಕಡಿಮೆ ಕೊಳ್ಳಿ ಎಂದು ತಾವೇ ಹಣ ಕೊಡುತ್ತಾರೆಯೇ? ನಂಬಲು ಕಷ್ಟ.

ಸ್ಯಾಕ್ರಮೆಂಟೊ ಕನ್ನಡಿಗ

ನಂಬಲೇಬೇಕು ಸರ್. ಅಲ್ಲಿನ ನಿಯಂತ್ರಣ ಆಯೋಗ 1982ರಲ್ಲೇ ವಿದ್ಯುತ್ ಕಂಪನಿಗಳ ಆದಾಯಕ್ಕೂ ಮಾರಾಟದ ಪ್ರಮಾಣಕ್ಕೂ ಇದ್ದ ಗಂಟನ್ನು ಬಿಚ್ಚಿತು. ವರ್ಷಕ್ಕೆ ಇಷ್ಟು ಆದಾಯ ಎಂದು ಆಯೋಗ ನಿಗದಿ ಮಾಡುತ್ತದೆ. ಮಾರಾಟ ಹೆಚ್ಚಾದರೆ ಹೆಚ್ಚುವರಿ ಹಣ ಗ್ರಾಹಕರಿಗೆ ವಾಪಸ್, ಕಡಿಮೆಯಾದರೆ ಮುಂದಿನ ದರದಲ್ಲಿ ಸರಿದೂಗಿಸುತ್ತಾರೆ. ಹಾಗಾಗಿ ಉಳಿತಾಯ ಮಾಡಿಸಿದರೆ ಕಂಪನಿಗೆ ನಷ್ಟವಿಲ್ಲ. ಪ್ರೋತ್ಸಾಹಧನವೂ ಕಂಪನಿಯ ಜೇಬಿನದಲ್ಲ, ಗ್ರಾಹಕರ ಬಿಲ್‌ನಲ್ಲಿ ಸೇರುವ ಒಂದು ಸಣ್ಣ ಬಾಬತ್ತಿನಿಂದ ಬರುತ್ತದೆ. ಹೊಸ ವಿದ್ಯುತ್ ಸ್ಥಾವರ ಕಟ್ಟುವುದಕ್ಕಿಂತ ಇದು ಅಗ್ಗ ಎಂಬ ಲೆಕ್ಕದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆರ್ಥರ್ ರೋಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿ ಈ ಲೆಕ್ಕವನ್ನು ದಶಕಗಳ ಕಾಲ ಬಿಡದೆ ಹೇಳಿದರು, ಮುಂದೆ ಅಲ್ಲಿನ ಇಂಧನ ಆಯೋಗದ ಸದಸ್ಯರೂ ಆದರು. 1970ರ ದಶಕದ ನಡುವಿನಿಂದ ದಶಕಗಳ ಕಾಲ ಕ್ಯಾಲಿಫೋರ್ನಿಯಾದ ತಲಾ ವಿದ್ಯುತ್ ಬಳಕೆ ಹೆಚ್ಚು ಕಡಿಮೆ ಅಲ್ಲೇ ನಿಂತಿತು, ಅಮೆರಿಕದ ಉಳಿದ ಕಡೆ ಏರುತ್ತಲೇ ಹೋಯಿತು.

ಹಳೇ ಮೀಟರ್

ಎಸ್ಕಾಂನಲ್ಲಿ ಸೇವೆ ಮುಗಿಸಿ ನಿವೃತ್ತನಾದವನು ನಾನು. ಇಲ್ಲಿನ ಕಷ್ಟ ಎಲ್ಲಿದೆ ಎಂದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಅದರ ಹಣವನ್ನು ಸರ್ಕಾರ ಸಹಾಯಧನವಾಗಿ ಕೊಡಬೇಕು, ಆ ಹಣ ಸಮಯಕ್ಕೆ ಬಂದಾಗ ಬಂತು. ನಗದು ನಿಯಮಿತವಾಗಿ ಬರುವುದು ಎಚ್‌ಟಿ ಗ್ರಾಹಕರಿಂದ, ಅಂದರೆ ಹೆಚ್ಚಿನ ವೋಲ್ಟೇಜಿನಲ್ಲಿ ವಿದ್ಯುತ್ ಪಡೆಯುವ ದೊಡ್ಡವರಿಂದ: ಕಾರ್ಖಾನೆ, ಮಾಲ್, ಕಚೇರಿ, ಆಸ್ಪತ್ರೆ. ಅವರು ಕೊಡುವ ದರ ಸರಾಸರಿ ವೆಚ್ಚಕ್ಕಿಂತ ಮೇಲೆ. ಆ ಹೆಚ್ಚುವರಿಯಿಂದಲೇ ಉಳಿದವರ ದರ ಕೆಳಗಿರುತ್ತದೆ. ಈಗಾಗಲೇ ದೊಡ್ಡ ಗ್ರಾಹಕರು ಓಪನ್ ಆಕ್ಸೆಸ್ ಎಂದು ಹೊರಗಿನಿಂದ ವಿದ್ಯುತ್ ಕೊಳ್ಳುತ್ತಿದ್ದಾರೆ, ಚಾವಣಿಗೆ ಸೌರಫಲಕ ಹಾಕುತ್ತಿದ್ದಾರೆ. ಉಳಿದಿರುವ ಒಳ್ಳೆಯ ಗ್ರಾಹಕನಿಗೆ "ನೀನೂ ಕಡಿಮೆ ಬಳಸು, ಅದಕ್ಕೆ ನಾನೇ ಹಣ ಕೊಡುತ್ತೇನೆ" ಎಂದು ಯಾವ ವ್ಯವಸ್ಥಾಪಕ ನಿರ್ದೇಶಕರು ಹೇಳುತ್ತಾರೆ? ಕ್ಯಾಲಿಫೋರ್ನಿಯಾದವರು ಬಿಚ್ಚಿದ ಗಂಟನ್ನು ನಾವು ಇನ್ನೂ ಬಿಚ್ಚಿಲ್ಲ. ಅದನ್ನು ಬಿಚ್ಚದೆ ಪ್ರೋತ್ಸಾಹಧನದ ಮಾತು ಆಡುವುದು ವ್ಯರ್ಥ.

ಹುಬ್ಬಳ್ಳಿ ಹೋಟೆಲಿನವ

ಅಂದರೆ ನಾವು ವಿದ್ಯುತ್ ಪೋಲು ಮಾಡಿದಷ್ಟೂ ರಾಜ್ಯಕ್ಕೆ ಒಳ್ಳೆಯದು ಎಂದಾಯಿತು! ಈ ಮಾತನ್ನು ಒಪ್ಪುವುದು ಹೇಗೆ ಸರ್?

ಹಳೇ ಮೀಟರ್

ರಾಜ್ಯಕ್ಕೆ ಒಳ್ಳೆಯದು ಎಂದು ನಾನು ಹೇಳಲಿಲ್ಲ. ಎಸ್ಕಾಂನ ತಿಂಗಳ ನಗದಿಗೆ ಅನುಕೂಲ ಎಂದೆ. ಎರಡೂ ಬೇರೆ.

ಪಾವಗಡದ ಬಿಸಿಲು

ಹಳೇ ಮೀಟರ್ ಅವರು ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ. ಯೂನಿಟ್ ಯಾವ ಗಂಟೆಯದು ಎಂದು ನೋಡದೆ ಲಾಭ ನಷ್ಟ ಹೇಳಲಾಗದು. ಪಾವಗಡದ ಸೌರಪಾರ್ಕ್ ಒಂದೇ 2,050 ಮೆಗಾವ್ಯಾಟ್. ಬಿಸಿಲಿದ್ದಾಗ ರಾಜ್ಯದಲ್ಲಿ ವಿದ್ಯುತ್ ಸಾಕಷ್ಟು ಅಗ್ಗ. ಸೂರ್ಯ ಇಳಿದ ಮೇಲೆ ಮನೆ, ಅಂಗಡಿ, ಮಾಲ್, ಇನ್ನೂ ದೀಪ ಆರದ ಕಚೇರಿ ಎಲ್ಲ ಒಟ್ಟಿಗೆ ಎಳೆಯುತ್ತವೆ. ಆಗ ಕೊಳ್ಳುವ ವಿದ್ಯುತ್ತಿಗೆ ಬಾಯಿಗೆ ಬಂದ ಬೆಲೆ. 2023ರ ಅಕ್ಟೋಬರ್ ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಿತ್ತು, ಜಲಾಶಯ ಬರಿದಾಗಿತ್ತು, ರಾಜ್ಯದೊಳಗಿನ ಉತ್ಪಾದಕರು ವಿದ್ಯುತ್ತನ್ನು ಹೊರಗೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ವಿಧಿ ಬಳಸಬೇಕಾಯಿತು. ಮರುವರ್ಷ ಮಾರ್ಚ್‌ನಲ್ಲಿ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು.

ಹಾಗಾಗಿ ಪಶ್ಚಿಮದ ಗಾಜಿನ ವಿಚಾರದಲ್ಲಿ ಮೇಡಂ ಅವರ ವಾದ ಎಸ್ಕಾಂಗೂ ಲಾಭದ್ದೇ. ಪಶ್ಚಿಮದ ಬಿಸಿಲು ಕಟ್ಟಡದ ಒಳಗೆ ನುಗ್ಗುವುದು ಮೂರು ಗಂಟೆಯ ಮೇಲೆ. ಕಾಂಕ್ರೀಟ್ ನೆಲ ಆ ಶಾಖವನ್ನು ಹಿಡಿದಿಟ್ಟುಕೊಂಡು ಏಳರವರೆಗೂ ಬಿಡುತ್ತದೆ. ಎಸಿ ಹೆಚ್ಚು ದುಡಿಯುವ ಹೊತ್ತು ಮತ್ತು ಎಸ್ಕಾಂ ಪರದಾಡುವ ಹೊತ್ತು ಒಂದರ ಮೇಲೊಂದು ಬೀಳುತ್ತವೆ.

ಚಿಲ್ಲರ್‌ಬಂಧು

ತಡವಾಗಿ ಬಂದೆ. ಎಲ್ಲರೂ ಎಸ್ಕಾಂನ ಕಡೆಯಿಂದಲೇ ನೋಡುತ್ತಿದ್ದೀರಿ. ನಿಜವಾದ ಎಡವಟ್ಟು ನಮ್ಮ ಶುಲ್ಕದಲ್ಲಿದೆ.

ಹವಾನಿಯಂತ್ರಣದ ಸಲಹೆಗಾರನಿಗೆ ಶುಲ್ಕ ಹೇಗೆ ಸಿಗುತ್ತದೆ? ಕೆಲಸದ ಒಟ್ಟು ವೆಚ್ಚದ ಇಂತಿಷ್ಟು ಶೇಕಡಾ. ಮೇಡಂ ಅವರ ಕಟ್ಟಡವನ್ನೇ ತೆಗೆದುಕೊಳ್ಳಿ. 200 ಚದರ ಅಡಿಗೆ ಒಂದು ಟನ್ (ಎಸಿಯ ತಂಪು ಮಾಡುವ ಶಕ್ತಿಯ ಅಳತೆ) ಎಂಬ ಹಳೆಯ ರೂಢಿಯಲ್ಲಿ ಲೆಕ್ಕ ಹಾಕಿದರೆ 300 ಟನ್. ಗಾಜು ಇಳಿಸಿ, ನೆರಳು ಕೊಟ್ಟು, ಚಾವಣಿಗೆ ನಿರೋಧಕ ಹಾಕಿ, ದೀಪಗಳ ವ್ಯಾಟ್ ಕಡಿಮೆ ಮಾಡಿ, ಕುಳಿತು ಗಂಟೆಗಂಟೆಯ ಶಾಖದ ಲೆಕ್ಕ ಮಾಡಿದರೆ 400 ಚದರ ಅಡಿಗೆ ಒಂದು ಟನ್ ಸಾಕಾಗುತ್ತದೆ, ಅಂದರೆ 150 ಟನ್. ಇದಕ್ಕೆ ನನಗೆ ಬೇಕಾದ ಶ್ರಮ ಮೂರು ಪಟ್ಟು. ಸಿಗುವ ಶುಲ್ಕ? ಯಂತ್ರದ ಬೆಲೆ ಅರ್ಧವಾಗುವುದರಿಂದ ಶುಲ್ಕವೂ ಅರ್ಧ. ಜೊತೆಗೆ ಒಂದು ದಿನ ಸೆಖೆಯಾಯಿತು ಎಂದು ಬಾಡಿಗೆದಾರ ದೂರಿದರೆ ಬೈಗುಳವೂ ನನಗೇ. ದೊಡ್ಡ ಯಂತ್ರ ಹಾಕಿದವನನ್ನು ಯಾರೂ ಬೈಯುವುದಿಲ್ಲ.

ಸೇವಿಂಗ್ಸ್ ಬೈ ಡಿಸೈನ್‌ನಲ್ಲಿ ವಿನ್ಯಾಸ ತಂಡಕ್ಕೆ ಬೇರೆಯಾಗಿ ಹಣ ಇಟ್ಟಿದ್ದು ಈ ಕಾರಣಕ್ಕೇ ಇರಬೇಕು. ನನಗೆ ಆ ಯೋಜನೆಯಲ್ಲಿ ಬಹಳ ಬುದ್ಧಿವಂತಿಕೆಯದು ಎನಿಸಿದ ಭಾಗ ಇದೇ. ಮಾಲೀಕನಿಗೆ ಎಷ್ಟೇ ಕೊಡಿ, ಚಿಲ್ಲರ್‌ನ ಗಾತ್ರ ನಿರ್ಧಾರವಾಗುವುದು ಸಲಹೆಗಾರನ ಮೇಜಿನ ಮೇಲೆ.

ಮಲೆನಾಡ ವಿನ್ಯಾಸಕಿ

ಚಿಲ್ಲರ್‌ಬಂಧು ಸರ್, ನನ್ನ ಅನುಭವವೂ ಹಾಗೆಯೇ. ಈ ಕಟ್ಟಡಕ್ಕೆ ಬಂದ ಮೊದಲ ಅಂದಾಜಿನಲ್ಲಿ ಸಲಹೆಗಾರರು ನಕ್ಷೆಯ ದಿಕ್ಕನ್ನೂ ಕೇಳಲಿಲ್ಲ. ಒಟ್ಟು ವಿಸ್ತೀರ್ಣ ಕೇಳಿ, ಫೋನ್‌ನಲ್ಲೇ ಟನ್ ಹೇಳಿದರು. ಉತ್ತರ ಯಾವ ಕಡೆ ಎಂದು ತಿಳಿಯದೆ ಶಾಖದ ಲೆಕ್ಕ ಆಗುವುದು ಹೇಗೆ?

ಲೆಕ್ಕಪತ್ರ

ಮಾಲೀಕರಿಗೆ ಲಾಭವಿಲ್ಲ ಎಂಬ ಮಾತನ್ನು ಮೊದಲು ಪರೀಕ್ಷಿಸಿ ಮೇಡಂ. ಬಿಲ್ ಕಟ್ಟುವುದು ಬಾಡಿಗೆದಾರ, ಸರಿ. ಚಿಲ್ಲರ್, ಟ್ರಾನ್ಸ್‌ಫಾರ್ಮರ್, ಜನರೇಟರ್, ಕೇಬಲ್ ಕೊಳ್ಳುವುದು ಯಾರು? ಮಾಲೀಕರೇ. 300 ಟನ್‌ನಿಂದ 150 ಟನ್‌ಗೆ ಇಳಿದರೆ ಇವೆಲ್ಲವೂ ಚಿಕ್ಕದಾಗುತ್ತವೆ. ಗಾಜಿನ ಮುಖದ ಬೆಲೆ ಇಟ್ಟಿಗೆ ಗೋಡೆಗಿಂತ ಹೆಚ್ಚು ಎಂಬುದನ್ನೂ ಸೇರಿಸಿ.

ಬೇಡಿಕೆ ಶುಲ್ಕವನ್ನೂ ನೋಡಿ. ಪಂಪು, ಕೂಲಿಂಗ್ ಟವರ್ ಎಲ್ಲ ಸೇರಿ ಟನ್ನಿಗೆ 1 ಕಿಲೋವ್ಯಾಟ್ ಎಂದುಕೊಂಡರೆ 150 ಕಿಲೋವ್ಯಾಟ್ ಉಳಿತಾಯ, ಪವರ್ ಫ್ಯಾಕ್ಟರ್ ಲೆಕ್ಕ ಹಾಕಿದರೆ ಸುಮಾರು 160 ಕೆವಿಎ. ಕೆವಿಎಗೆ ತಿಂಗಳಿಗೆ 300 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 48,000, ವರ್ಷಕ್ಕೆ 5,76,000. ಈ ಶುಲ್ಕ ನೀವು ಒಪ್ಪಂದ ಮಾಡಿಕೊಂಡ ಬೇಡಿಕೆಗೆ ಕಟ್ಟಿಬಿದ್ದಿರುತ್ತದೆ. ಯಂತ್ರ ನಿಂತಿದ್ದರೂ ಅದರ ಬಹುಪಾಲು ಕಟ್ಟಲೇಬೇಕು. ಕಟ್ಟಡ ಖಾಲಿ ಇರುವ ತಿಂಗಳುಗಳಲ್ಲಿ ಅದನ್ನು ಕಟ್ಟುವವರು ಯಾರು ಎಂದು ಮಾಲೀಕರನ್ನು ಕೇಳಿ.

ಮಲೆನಾಡ ವಿನ್ಯಾಸಕಿ

ಖಾಲಿ ಇರುವ ತಿಂಗಳುಗಳ ಮಾತು ನನಗೆ ಹೊಳೆದಿರಲಿಲ್ಲ. ಇದನ್ನು ನಾಳೆಯ ಸಭೆಗೆ ಒಯ್ಯುತ್ತೇನೆ. ಬಹಳ ಉಪಕಾರವಾಯಿತು ಸರ್.

ಡಲ್ಲಾಸ್ ದಾವಣಗೆರೆ

ಅಮೆರಿಕದಲ್ಲಿ ವಿದ್ಯುತ್ ಕಂಪನಿಯ ಹಣ ಬಿಟ್ಟು ಇನ್ನೊಂದು ದಾರಿಯೂ ಇತ್ತು. 2005ರ ಇಂಧನ ಕಾಯ್ದೆಯಲ್ಲಿ ಬಂದ 179ಡಿ ಎಂಬ ತೆರಿಗೆ ಕಡಿತ. ಆರಂಭದಲ್ಲಿ ಚದರ ಅಡಿಗೆ 1.80 ಡಾಲರ್‌ವರೆಗೆ ಇತ್ತು. 2022ರ ಕಾನೂನು ಕೂಲಿಯ ಷರತ್ತುಗಳನ್ನು ಪಾಲಿಸಿದವರಿಗೆ ಅದನ್ನು 5 ಡಾಲರ್‌ವರೆಗೆ ಏರಿಸಿತು. ಸರ್ಕಾರಿ ಶಾಲೆ, ಗ್ರಂಥಾಲಯಗಳು ತೆರಿಗೆ ಕಟ್ಟುವುದಿಲ್ಲವಲ್ಲ, ಅಂಥ ಕಡೆ ಆ ಕಡಿತವನ್ನು ವಿನ್ಯಾಸಕಾರನ ಹೆಸರಿಗೆ ಬರೆದುಕೊಡಲು ಅವಕಾಶವಿತ್ತು. ಆದರೆ 2025ರ ಕಾನೂನಿನ ಪ್ರಕಾರ 2026ರ ಜೂನ್ 30ರ ನಂತರ ಕೆಲಸ ಆರಂಭಿಸುವ ಕಟ್ಟಡಗಳಿಗೆ ಇದು ಇಲ್ಲ. ಸರ್ಕಾರ ಬದಲಾದರೆ ತೆರಿಗೆ ರಿಯಾಯಿತಿ ಹೋಗುತ್ತದೆ. ಆದ್ದರಿಂದ ದರದೊಳಗೆ ಕೂತ ಪ್ರೋತ್ಸಾಹವೇ ಗಟ್ಟಿ ಎಂಬುದು ನನ್ನ ಅಭಿಪ್ರಾಯ.

ರಾಗಿಮುದ್ದೆ

ಇನ್ಫೋಸಿಸ್‌ಗೆ ಯಾವ ಎಸ್ಕಾಂ ಹಣ ಕೊಟ್ಟಿತ್ತು? ಯಾರೂ ಕೊಡದೆ ಅವರು ಮಾಡಲಿಲ್ಲವೇ? ಮನಸ್ಸಿದ್ದವರು ಮಾಡುತ್ತಾರೆ.

ಚಿಲ್ಲರ್‌ಬಂಧು

ಒಳ್ಳೆಯ ಉದಾಹರಣೆ ತಂದಿರಿ, ಆದರೆ ಅದು ನಿಮ್ಮ ವಾದಕ್ಕೆ ವಿರುದ್ಧವಾಗಿದೆ. ಹೈದರಾಬಾದಿನ ಅವರ ಕಟ್ಟಡವೊಂದನ್ನು ಒಂದೇ ಬಗೆಯ ಎರಡು ಅರ್ಧಗಳಾಗಿ ಕಟ್ಟಿ, ಒಂದಕ್ಕೆ ಮಾಮೂಲಿ ಎಸಿ, ಇನ್ನೊಂದಕ್ಕೆ ಕಾಂಕ್ರೀಟ್ ತಾರಸಿಯೊಳಗೆ ತಣ್ಣೀರಿನ ಕೊಳವೆ ಹಾಯಿಸಿ ತಂಪು ಮಾಡಿದರು. ಎರಡನೆಯ ಅರ್ಧದ ಬಳಕೆ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಬಂತು. ಅವರಿಗೆ ಅದು ಸಾಧ್ಯವಾದದ್ದು ಕಟ್ಟುವವರೂ ಅವರೇ, ಬಿಲ್ ಕಟ್ಟುವವರೂ ಅವರೇ, ಮುಂದಿನ ಮೂವತ್ತು ವರ್ಷ ಕೂರುವವರೂ ಅವರೇ ಆದ್ದರಿಂದ. ಬಾಡಿಗೆಗೆಂದು ಕಟ್ಟಿ ಮಾರಿಬಿಡುವವರಿಗೆ ಅದರಲ್ಲಿ ಯಾವುದೂ ಅನ್ವಯಿಸುವುದಿಲ್ಲ. ಪ್ರೋತ್ಸಾಹಧನ ಬೇಕಿರುವುದು ಇಂಥವರಿಗೆ.

ಸ್ಯಾಕ್ರಮೆಂಟೊ ಕನ್ನಡಿಗ

ರಾಗಿಮುದ್ದೆ ಅವರು ಎತ್ತಿದ ಪ್ರಶ್ನೆ ಕ್ಯಾಲಿಫೋರ್ನಿಯಾದಲ್ಲೂ ದೊಡ್ಡ ತಕರಾರೇ. ಹಣ ಸಿಗದಿದ್ದರೂ ಮಾಡುತ್ತಿದ್ದವರಿಗೆ ಎಷ್ಟು ಹೋಯಿತು ಎಂದು ಆಯೋಗ ಸ್ವತಂತ್ರ ಮೌಲ್ಯಮಾಪಕರಿಂದ ಲೆಕ್ಕ ಹಾಕಿಸಿ, ಅಷ್ಟನ್ನು ಕಂಪನಿಯ ಸಾಧನೆಯಿಂದ ಕಳೆಯುತ್ತದೆ. ಈ ಕತ್ತರಿ ಇಲ್ಲದಿದ್ದರೆ ಹಣವೆಲ್ಲ ಮೊದಲೇ ನಿರ್ಧರಿಸಿಕೊಂಡವರ ಪಾಲಾಗುತ್ತದೆ.

ನಾಗರಬಾವಿ ವಿದ್ಯಾರ್ಥಿ

ವಾಸ್ತುಶಿಲ್ಪ ಓದುತ್ತಿದ್ದೇನೆ. ನನಗೊಂದು ಸಂಶಯ. ಟೈಟಲ್ 24ಕ್ಕಿಂತ ಮುಂದೆ ಹೋದರೆ ಹಣ ಎಂದಿರಿ. ನಮ್ಮಲ್ಲಿ ಆ ಜಾಗದಲ್ಲಿ ಇಸಿಬಿಸಿ, ಅಂದರೆ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ, ಇದೆಯಲ್ಲವೇ? 2007ರದ್ದು, ಆಮೇಲೆ 2017ರ ಪರಿಷ್ಕರಣೆ. ಅದರಲ್ಲೇ ಇಸಿಬಿಸಿ, ಇಸಿಬಿಸಿ ಪ್ಲಸ್, ಸೂಪರ್ ಇಸಿಬಿಸಿ ಎಂದು ಮೂರು ಮೆಟ್ಟಿಲು ಇವೆ. ಮೇಲಿನ ಎರಡು ಮೆಟ್ಟಿಲಿಗೆ ಪ್ರೋತ್ಸಾಹಧನ ಎಂದು ಘೋಷಿಸಿದರೆ ಸಾಕಲ್ಲವೇ?

ಹಳೇ ಮೀಟರ್

ಮಗು, ಪ್ರಶ್ನೆ ಬಹಳ ಚೆನ್ನಾಗಿದೆ. ಕಾಗದದಲ್ಲಿ ಸಾಕು. ಇಸಿಬಿಸಿ 2017 ಅನ್ವಯವಾಗುವುದು 100 ಕಿಲೋವ್ಯಾಟ್ ಸಂಪರ್ಕಿತ ಹೊರೆ ಅಥವಾ 120 ಕೆವಿಎ ಒಪ್ಪಂದ ಬೇಡಿಕೆ ಇರುವ ವಾಣಿಜ್ಯ ಕಟ್ಟಡಗಳಿಗೆ. ಅದನ್ನು ಪಾಲಿಸಿದ್ದಾರೆಯೇ ಎಂದು ನೋಡಬೇಕಾದವರು ನಕ್ಷೆ ಮಂಜೂರು ಮಾಡುವ ಸ್ಥಳೀಯ ಸಂಸ್ಥೆಯವರು. ಅವರು ಸೆಟ್‌ಬ್ಯಾಕ್ ಅಳೆಯುತ್ತಾರೆ, ಪಾರ್ಕಿಂಗ್ ಎಣಿಸುತ್ತಾರೆ. ಗಾಜು ಎಷ್ಟು ಶಾಖ ಒಳಬಿಡುತ್ತದೆ ಎಂದು ನೋಡುವವರು ಅಲ್ಲಿ ಅಪರೂಪ. ಕೆಳಗಿನ ಮೆಟ್ಟಿಲನ್ನೇ ಯಾರೂ ಖಾತ್ರಿ ಮಾಡದಿದ್ದರೆ, ಅದಕ್ಕಿಂತ ಎಷ್ಟು ಮೇಲೆ ಹೋದರು ಎಂದು ಅಳೆಯುವುದು ಎಲ್ಲಿಂದ?

ಪಾವಗಡದ ಬಿಸಿಲು

2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು, 2024ರಲ್ಲಿ ಹೊಸ ಸಂಹಿತೆಯೂ ಬಂದಿದೆ. ಹೆಸರಿಗೆ ಸುಸ್ಥಿರತೆಯನ್ನೂ ಸೇರಿಸಿದ್ದಾರೆ. ಜಾರಿಯ ಕಥೆ ಮಾತ್ರ ಹಳೇ ಮೀಟರ್ ಅವರು ಹೇಳಿದ್ದೇ.

ಹುಬ್ಬಳ್ಳಿ ಹೋಟೆಲಿನವ

ಇನ್ನೊಂದು ವಿಷಯ. ಬೆಂಗಳೂರಿನ ಕಚೇರಿಗಳಲ್ಲಿ ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ನನ್ನ ಮಗಳು ಕುರ್ಚಿಗೊಂದು ಶಾಲು ಕಟ್ಟಿಟ್ಟಿದ್ದಾಳೆ. ಮೊದಲು ಆ ಗುಂಡಿಯನ್ನು 24ಕ್ಕೆ ತಿರುಗಿಸಿ, ಆಮೇಲೆ ವಿನ್ಯಾಸದ ಮಾತು.

ಚಿಲ್ಲರ್‌ಬಂಧು

ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿತಾಯ ಎಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತದೆ, 2020ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು 24ಕ್ಕೇ ಹೊಂದಿಸಿ ಬರುತ್ತಿವೆ. ಆದರೆ ದೊಡ್ಡ ಕಚೇರಿಯ ಚಳಿಗೆ ಕಾರಣ ಬರೀ ಗುಂಡಿಯಲ್ಲ. ಗಾಜಿನ ಪಕ್ಕ ಕೂತವನು ಬೆವರುತ್ತಾನೆ, ಅವನಿಗಾಗಿ ಗಾಳಿ ಹೆಚ್ಚು ಬಿಡುತ್ತಾರೆ, ಒಳಗೆ ನಡುವೆ ಕೂತ ನಿಮ್ಮ ಮಗಳು ನಡುಗುತ್ತಾಳೆ. ಮತ್ತೆ ಅದೇ ಪಶ್ಚಿಮದ ಗಾಜಿಗೆ ಬಂದೆವು.

ರಾಗಿಮುದ್ದೆ

ಎಸಿಯೇ ಇಲ್ಲದ ಕಚೇರಿ ಬೆಂಗಳೂರಿನಲ್ಲಿ ಯಾಕೆ ಕಟ್ಟಬಾರದು? ನಮ್ಮ ಕಾಲದ ಕಚೇರಿಗಳಲ್ಲಿ ಫ್ಯಾನೂ ಇರಲಿಲ್ಲ.

ಮಲೆನಾಡ ವಿನ್ಯಾಸಕಿ

ಕಟ್ಟಿದ್ದಾರೆ ಸರ್. ದೊಮ್ಮಲೂರಿನಲ್ಲಿರುವ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡವನ್ನು ಒಮ್ಮೆ ಹೋಗಿ ನೋಡಿ, ಸಂಜಯ್ ಮೋಹೆ ಅವರ ವಿನ್ಯಾಸ. ನಿವೇಶನದ ದಕ್ಷಿಣಕ್ಕೆ ಒಂದು ದೊಡ್ಡ ಚರಂಡಿ. ಗಾಳಿ ಬೀಸುವುದು ಆ ಕಡೆಯಿಂದ, ಕಿಟಕಿ ತೆರೆದರೆ ದುರ್ವಾಸನೆ. ಅವರು ದಕ್ಷಿಣವನ್ನು ಪೂರ್ತಿ ಮುಚ್ಚಿದರು. ಗೋಡೆಯ ಹೊರಗೆ ಕಪ್ಪು ಕಡಪ ಕಲ್ಲಿನ ಹೊದಿಕೆ, ಎರಡರ ನಡುವೆ ಪೊಳ್ಳು. ಬಿಸಿಲಿಗೆ ಕಲ್ಲು ಕಾಯುತ್ತದೆ, ಪೊಳ್ಳಿನೊಳಗಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಸೆಳೆತಕ್ಕೆ ಉತ್ತರದ ತೋಟದ ಕಡೆಯ ತಂಪು ಗಾಳಿ ಕೋಣೆಗಳ ಮೂಲಕ ಹಾದುಬರುತ್ತದೆ. ಗಾಳಿಯ ದಿಕ್ಕನ್ನೇ ತಿರುಗಿಸಿದ ಕಟ್ಟಡ ಅದು. ಅಲ್ಲಿ ಚಿಲ್ಲರ್‌ನ ಶೇಕಡಾವಾರು ಶುಲ್ಕ ಎಂಬ ಮಾತೇ ಇಲ್ಲ. ಇಂಥ ಯೋಚನೆಗೆ ಬೇಕಾದ ಸಮಯವನ್ನು ಯಾರು ಕೊಳ್ಳುತ್ತಾರೆ ಎಂಬುದೇ ನನ್ನ ಚಿಂತೆ.

ರಾಗಿಮುದ್ದೆ

ನೋಡುತ್ತೇನೆ ಮೇಡಂ. ಆದರೂ ಈಗ ಉಚಿತ ಗ್ಯಾರಂಟಿಗಳಿಗೇ ಹಣ ಸಾಲದು, ಇನ್ನು ಎಂಜಿನಿಯರುಗಳಿಗೆ ಎಲ್ಲಿಂದ ತರುತ್ತಾರೆ?

ನಿರ್ವಾಹಕರು

ಗ್ಯಾರಂಟಿಗಳ ಬಗ್ಗೆ ಬೇರೆ ಚರ್ಚೆ ನಡೆಯುತ್ತಿದೆ, ದಯವಿಟ್ಟು ಅಲ್ಲಿ ಬರೆಯಿರಿ. ಇಲ್ಲಿ ಕಟ್ಟಡದ ವಿಷಯಕ್ಕೆ ಮರಳೋಣ.

ಹಳೇ ಮೀಟರ್

ಬರೀ ಕಷ್ಟ ಹೇಳಿದೆ ಎಂದು ಆರೋಪ ಬರಬಾರದು, ಆಗಬಹುದಾದ್ದನ್ನೂ ಹೇಳುತ್ತೇನೆ. ನಮ್ಮಲ್ಲೇ ಒಂದು ಪೂರ್ವೋದಾಹರಣೆ ಇದೆ. ಬೆಂಗಳೂರಿನ ತಾರಸಿಗಳ ಮೇಲೆ ಇಷ್ಟೊಂದು ಸೋಲಾರ್ ವಾಟರ್ ಹೀಟರ್ ಹೇಗೆ ಬಂದವು? ಹೊಸ ಮನೆಗೆ ಹೀಟರ್ ಹಾಕದಿದ್ದರೆ ವಿದ್ಯುತ್ ಸಂಪರ್ಕವಿಲ್ಲ ಎಂಬ ನಿಯಮ ಬಂತು. ಹಾಕಿದವರಿಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಸಿಕ್ಕಿತು. 50 ರೂಪಾಯಿಗೆ ಯಾರು ಹೀಟರ್ ಕೊಳ್ಳುತ್ತಾರೆ ಎಂದು ಆಗ ಅನೇಕರು ಕೇಳಿದ್ದರು. ಬೆಳಿಗ್ಗೆ ಆರರಿಂದ ಒಂಬತ್ತರ ಗೀಸರ್ ಹೊರೆ ನಮ್ಮನ್ನು ಕಾಡುತ್ತಿತ್ತು, ಹಾಗಾಗಿ ಇಲಾಖೆಗೂ ಅದರಲ್ಲಿ ಸ್ವಂತ ಹಿತವಿತ್ತು. ಸಂಪರ್ಕ ಕೊಡುವ ಹೊತ್ತಿಗೆ ಹಿಡಿದದ್ದರಿಂದ ಕೆಲಸವಾಯಿತು.

ವಾಣಿಜ್ಯ ಕಟ್ಟಡಕ್ಕೂ ಅದೇ ಬಾಗಿಲು ಇದೆ. ಪ್ರತಿಯೊಬ್ಬ ಎಚ್‌ಟಿ ಅರ್ಜಿದಾರನೂ ಹೊರೆಯ ಪಟ್ಟಿ ಸಲ್ಲಿಸುತ್ತಾನೆ. ಆ ಪಟ್ಟಿಯ ಜೊತೆಗೇ ಶಾಖದ ಲೆಕ್ಕ, ಗಾಜಿನ ವಿವರ, ಇಸಿಬಿಸಿ ಮೆಟ್ಟಿಲು ಕೇಳಲಿ. ಸಂಜೆ ಆರರಿಂದ ಹತ್ತರ ನಡುವಿನ ಬೇಡಿಕೆಯನ್ನು ಕಡಿಮೆ ಮಾಡಿ ತೋರಿಸಿದವರಿಗೆ ಪ್ರೋತ್ಸಾಹಧನ. ಅರ್ಧ ಹಣ ವಿನ್ಯಾಸ ಒಪ್ಪಿಗೆಯಾದಾಗ ವಿನ್ಯಾಸಕಾರರಿಗೆ, ಉಳಿದರ್ಧ ಕಟ್ಟಡ ತುಂಬಿ ಒಂದು ವರ್ಷದ ಮೀಟರ್ ಓದಿದ ಮೇಲೆ. ಎಚ್‌ಟಿ ಮೀಟರ್ ಗಂಟೆಗಂಟೆಯ ಲೆಕ್ಕವನ್ನು ಹೇಗೂ ಇಟ್ಟಿರುತ್ತದೆ, ಹೊಸ ಸಾಧನ ಬೇಕಿಲ್ಲ.

ಪಾವಗಡದ ಬಿಸಿಲು

ಇದು ಒಪ್ಪುವ ಮಾತು. ಕೇಂದ್ರದ 2023ರ ನಿಯಮದಂತೆ 10 ಕಿಲೋವ್ಯಾಟ್‌ಗಿಂತ ಹೆಚ್ಚಿನ ಬೇಡಿಕೆಯ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ ಹೊತ್ತಿನ ದರ ಬರಬೇಕು. ಬಿಸಿಲಿನ ಹೊತ್ತಿನಲ್ಲಿ ಕನಿಷ್ಠ ಶೇ 20 ಕಡಿಮೆ, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಕನಿಷ್ಠ ಶೇ 20 ಹೆಚ್ಚು. ದರವೇ ಹಾಗಿದ್ದರೆ ಮಧ್ಯಾಹ್ನ ನೀರನ್ನು ತಣ್ಣಗೆ ಮಾಡಿಟ್ಟು ಸಂಜೆ ಬಳಸುವ ತೊಟ್ಟಿಗೂ ಲೆಕ್ಕ ಕೂಡುತ್ತದೆ. ಮುಂಬೈಯಲ್ಲಿ ಟಾಟಾ ಪವರ್ ಇಂಥ ಶೀತ ಸಂಗ್ರಹಣೆಗೆ ತನ್ನ ಗ್ರಾಹಕರಿಗೆ ಪ್ರೋತ್ಸಾಹಧನ ಕೊಟ್ಟಿದೆ. ಭಾರತದಲ್ಲಿ ಆಗದ ಕೆಲಸ ಎಂದು ಯಾರೂ ಹೇಳುವಂತಿಲ್ಲ.

ಲೆಕ್ಕಪತ್ರ

ಹಳೇ ಮೀಟರ್ ಅವರ ಸೂಚನೆಯಲ್ಲಿ ಒಂದು ತೊಡಕು. ಒಂದು ವರ್ಷದ ಮೀಟರ್ ಓದುವ ಹೊತ್ತಿಗೆ ಅರ್ಧ ಕಟ್ಟಡ ಖಾಲಿಯಿದ್ದರೆ? ಜನ ಇಲ್ಲದ್ದಕ್ಕೆ ಉಳಿತಾಯದ ಬಹುಮಾನ ಕೊಟ್ಟಂತಾಗುತ್ತದೆ. ತುಂಬಿದ ವಿಸ್ತೀರ್ಣದ ಮೇಲೆ ಚದರ ಮೀಟರಿಗೆ ಇಷ್ಟು ಯೂನಿಟ್ ಎಂದು ಅಳೆಯಬೇಕು. ಬಿಇಇಯ ಸ್ಟಾರ್ ರೇಟಿಂಗ್ ಕೂಡ ಚದರ ಮೀಟರಿನ ಲೆಕ್ಕದಲ್ಲೇ ನಡೆಯುತ್ತದೆ.

ಹಳೇ ಮೀಟರ್

ಒಪ್ಪಿದೆ. ತುಂಬಿದ ವಿಸ್ತೀರ್ಣಕ್ಕೆ ಬಾಡಿಗೆ ಕರಾರು ಪತ್ರವೇ ಆಧಾರ.

ಡಲ್ಲಾಸ್ ದಾವಣಗೆರೆ

ಹಣವೇ ಆಗಬೇಕೆಂದಿಲ್ಲ. ನೋಯ್ಡಾದಲ್ಲಿ ಹಸಿರು ಪ್ರಮಾಣಪತ್ರ ಪಡೆದ ದೊಡ್ಡ ನಿವೇಶನಗಳಿಗೆ ಶೇ 5 ಹೆಚ್ಚುವರಿ ಎಫ್‌ಎಆರ್ (ನಿವೇಶನದ ಅಳತೆಗೆ ತಕ್ಕಂತೆ ಕಟ್ಟಬಹುದಾದ ವಿಸ್ತೀರ್ಣ) ಕೊಡುತ್ತಾರೆ.

ಚಿಲ್ಲರ್‌ಬಂಧು

ಅದು ಅಪಾಯದ ದಾರಿ. ಕಾಗದದ ಪ್ರಮಾಣಪತ್ರ ತೋರಿಸಿ ಹೆಚ್ಚುವರಿ ಮಹಡಿ ಕಟ್ಟಿದ ಮೇಲೆ, ಕಟ್ಟಡ ಚೆನ್ನಾಗಿ ನಡೆಯದಿದ್ದರೆ ಆ ಮಹಡಿಯನ್ನು ಇಳಿಸುತ್ತೀರಾ? ಕೊಟ್ಟ ಎಫ್‌ಎಆರ್ ವಾಪಸ್ ಬರುವುದಿಲ್ಲ. ಹಣವಾದರೆ ಎರಡನೇ ಕಂತು ತಡೆಹಿಡಿಯಬಹುದು.

ನಾಗರಬಾವಿ ವಿದ್ಯಾರ್ಥಿ

ಇಡೀ ಕಟ್ಟಡದ ಮಾದರಿ ಮಾಡಲು ಯಾವ ತಂತ್ರಾಂಶ ಕಲಿಯಬೇಕು? ದುಬಾರಿಯವನ್ನು ಕೊಳ್ಳುವ ಶಕ್ತಿ ನನಗಿಲ್ಲ.

ಸ್ಯಾಕ್ರಮೆಂಟೊ ಕನ್ನಡಿಗ

ಇ-ಕ್ವೆಸ್ಟ್‌ನಿಂದ ಆರಂಭಿಸಿ, ಉಚಿತ. ಅದರ ಅಭಿವೃದ್ಧಿಗೆ ಹಣ ಬಂದದ್ದೂ ಇದೇ ಕ್ಯಾಲಿಫೋರ್ನಿಯಾ ಗ್ರಾಹಕರ ಬಿಲ್‌ನಿಂದ, ಎನರ್ಜಿ ಡಿಸೈನ್ ರಿಸೋರ್ಸಸ್ ಎಂಬ ಕಾರ್ಯಕ್ರಮದ ಮೂಲಕ. ಬೆಂಗಳೂರಿನ ಎಷ್ಟೋ ಸಲಹಾ ಕಚೇರಿಗಳು ಲೀಡ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರದ ಕಡತಗಳಿಗೆ ಅದನ್ನೇ ಬಳಸಿವೆ. ಆಮೇಲೆ ಎನರ್ಜಿಪ್ಲಸ್ ಕಲಿಯಿರಿ, ಅದೂ ಉಚಿತ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಿಜಿ ಅಂಡ್ ಇ ಕಂಪನಿ ಒಂದು ಕೇಂದ್ರವನ್ನೇ ನಡೆಸುತ್ತಿತ್ತು. ಕಟ್ಟಡದ ಪ್ರತಿಕೃತಿ ಇಟ್ಟು ವರ್ಷದ ಯಾವ ದಿನದ ನೆರಳನ್ನಾದರೂ ನೋಡುವ ಯಂತ್ರ, ಅಳತೆಯ ಉಪಕರಣಗಳನ್ನು ಪುಸ್ತಕದಂತೆ ಎರವಲು ಕೊಡುವ ಭಂಡಾರ ಎಲ್ಲ ಅಲ್ಲಿದ್ದವು. ನನ್ನನ್ನು ಕೇಳಿದರೆ ನಮ್ಮ ಎಸ್ಕಾಂಗಳು ಮೊದಲ ವರ್ಷ ಹಣ ಹಂಚದೆ ಇಂಥದ್ದೊಂದು ಕೇಂದ್ರ ತೆರೆದರೂ ಸಾಕು.

ಹುಬ್ಬಳ್ಳಿ ಹೋಟೆಲಿನವ

ಬೆಂಗಳೂರಿನಲ್ಲಿ ತೆರೆದರೆ ನಮಗೇನು ಬಂತು? ಹುಬ್ಬಳ್ಳಿ, ಕಲಬುರಗಿಯಲ್ಲಿ ತೆರೆಯಲಿ. ನಿಜವಾದ ಬಿಸಿಲು ಇರುವುದು ಈ ಕಡೆ.

ಪಾವಗಡದ ಬಿಸಿಲು

ಇದಕ್ಕೆ ನನ್ನದೊಂದು ಮತ.

ಮಲೆನಾಡ ವಿನ್ಯಾಸಕಿ

ಮಾಲೀಕರ ಜೊತೆ ಸಭೆ ಮುಗಿಯಿತು. ಖಾಲಿ ತಿಂಗಳುಗಳ ಬೇಡಿಕೆ ಶುಲ್ಕ ಮತ್ತು ಚಿಕ್ಕ ಜನರೇಟರ್, ಇವೆರಡರ ಲೆಕ್ಕ ನೋಡಿ ಗಾಜನ್ನು ಶೇ 40ಕ್ಕೆ ಇಳಿಸಲು ಒಪ್ಪಿದ್ದಾರೆ. ಇಸಿಬಿಸಿಯ ಸಿದ್ಧ ನಿಯಮಗಳ ದಾರಿಯಲ್ಲಿ ಮಿತಿ ಅದೇ. 30ಕ್ಕೆ ಒಪ್ಪಲಿಲ್ಲ. ಹವಾನಿಯಂತ್ರಣದ ಸಲಹೆಗಾರರಿಗೆ ಶೇಕಡಾವಾರು ಬಿಟ್ಟು ನಿಗದಿತ ಶುಲ್ಕ ಕೊಡೋಣ ಎಂಬ ಮಾತಿಗೆ ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಎಸ್ಕಾಂ ಕೊಡದಿದ್ದರೂ ಮಾಲೀಕರೇ ಆ ಒಂದು ಬದಲಾವಣೆ ಮಾಡಿದರೆ ನನಗೆ ದೊಡ್ಡ ಸಮಾಧಾನ.

ಹಳೇ ಮೀಟರ್ ಅವರ ಸೂಚನೆಯನ್ನು, ಲೆಕ್ಕಪತ್ರ ಅವರ ತಿದ್ದುಪಡಿಯೊಂದಿಗೆ, ಕೆಇಆರ್‌ಸಿಯ (ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ) ಮುಂದಿನ ದರ ವಿಚಾರಣೆಗೆ ಬರೆದು ಕಳುಹಿಸೋಣವೇ? ಆಕ್ಷೇಪಣೆ ಸಲ್ಲಿಸಲು ಯಾವ ಗ್ರಾಹಕರಿಗಾದರೂ ಅವಕಾಶವಿದೆ. ಕರಡು ನಾನು ಬರೆಯುತ್ತೇನೆ.

ಹಳೇ ಮೀಟರ್

ಬರೆಯಿರಿ. ಆಯೋಗದ ಭಾಷೆಗೆ ನಾನು ಹೊಂದಿಸಿಕೊಡುತ್ತೇನೆ. ಕೋರಿಕೆಯನ್ನು ಸಂಜೆಯ ಬೇಡಿಕೆಗೆ ಮಾತ್ರ ಸೀಮಿತ ಮಾಡಿ, ಆಗ ಎಸ್ಕಾಂನವರೂ ವಿರೋಧಿಸುವುದು ಕಷ್ಟ.

ಚಿಲ್ಲರ್‌ಬಂಧು

ನಾನೂ ಸಹಿ ಹಾಕುತ್ತೇನೆ. ಮೇಡಂ, ನಿಮ್ಮ ಪಶ್ಚಿಮದ ರೆಕ್ಕೆಗಳ ಬಗ್ಗೆ ಒಂದು ಮಾತು. ನಕ್ಷೆಯಲ್ಲಿ ಅವು ಗೋಡೆಗೆ ನೇರ ಲಂಬವಾಗಿವೆಯೇ?

ಮಲೆನಾಡ ವಿನ್ಯಾಸಕಿ

ಹೌದು ಸರ್, ಎರಡು ಅಡಿ ಹೊರಚಾಚಿವೆ.

ಚಿಲ್ಲರ್‌ಬಂಧು

ಹಾಗಾದರೆ ಬೇಸಗೆಯಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ. ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್‌ನಲ್ಲಿ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಮೇಲೆ ಹೆಚ್ಚು ಕಡಿಮೆ ನೇರ ಪಶ್ಚಿಮಕ್ಕೇ ಇಳಿಯುತ್ತಾನೆ. ಲಂಬ ರೆಕ್ಕೆಗಳ ನಡುವಿನಿಂದ ಬಿಸಿಲು ಸಲೀಸಾಗಿ ಒಳಬರುತ್ತದೆ. ಮೂರು ಗಂಟೆಯ ಬಿಸಿಲನ್ನು ಮೇಲಿನ ಸಜ್ಜಾ ತಡೆಯಬಹುದು, ಐದು ಗಂಟೆಯದ್ದನ್ನು ತಡೆಯದು. ರೆಕ್ಕೆಗಳನ್ನು ಓರೆಯಾಗಿ ತಿರುಗಿಸಿ, ಒಂದರ ತುದಿ ಮುಂದಿನದರ ಬುಡವನ್ನು ಮರೆಮಾಡುವಷ್ಟು ಹತ್ತಿರ ಇಡಿ. ನಕ್ಷೆ ಕಳುಹಿಸಿದರೆ ಏಪ್ರಿಲ್ 15ರ ನಾಲ್ಕು ಗಂಟೆಯ ನೆರಳನ್ನು ಹಾಕಿ ತೋರಿಸುತ್ತೇನೆ.

ಮಲೆನಾಡ ವಿನ್ಯಾಸಕಿ

ಇಂದು ರಾತ್ರಿಯೇ ಕಳುಹಿಸುತ್ತೇನೆ.